ಸರ್‌ನೇಮ್ ಕಾಲಂನಲ್ಲಿ ಏನು ಬರೆಯೋದು?

ನಮ್ಮ ಕಡೆ ಮನುಷ್ಯರಿಗಷ್ಟೇ ಅಲ್ಲ, ತಾಲ್ಲೂಕುಗಳಿಗೂ ಇನಿಷಿಯಲ್ ಇದೆ. ಎಚ್.ಡಿ. ಕೋಟೆ, ಕೆ.ಆರ್. ನಗರ. ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಹೆಗ್ಗಡದೇವನಕೋಟೆ ಬಸ್ ಎಲ್ಲಿ ನಿಲ್ಲುತ್ತೆ’ ಅಂತ ಕೇಳಿ ನೋಡಿ. ಎದುರಿಗಿದ್ದವರು ಒಂದು ಗಳಿಗೆ ಯೋಚನೆ ಮಾಡಿ, ‘ಓ, ಕೋಟೆಗಾ?’ ಅನ್ನುತ್ತಾರೆ. ಹೆಗ್ಗಡೆ ಅನ್ನುವುದು ಹಳೆಗನ್ನಡದ ಪೆರ್ಗಡೆ, ಅಂದರೆ ದೊಡ್ಡ ಅಧಿಕಾರಿ. ಹಾಗಾಗಿ ಎಚ್ ಅಂದರೆ ಹುದ್ದೆ, ಡಿ ಅಂದರೆ ಹೆಸರು. ಕೆ.ಆರ್. ಅಂದರೆ ಕೃಷ್ಣರಾಜ. ಅದಕ್ಕೂ ಮೊದಲು ಅದು ಎಡತೊರೆ. ಹೊಳೆ ಎಡಕ್ಕೆ ತಿರುಗುವ ಜಾಗ. ನಾಲ್ವಡಿಯವರ ಕಾಲದಲ್ಲಿ ಹೊಸ ಊರು ಎದ್ದಾಗ ಹೆಸರೂ ಹೊಸದಾಯಿತು.

ಊರಿನ ಇನಿಷಿಯಲ್ ಬಿಡಿಸಿ ಹೇಳಿ ಅಂತ ಯಾರೂ ಕೇಳುವುದಿಲ್ಲ. ನಮ್ಮದನ್ನು ಮಾತ್ರ ಕೇಳುತ್ತಾರೆ. ಸ್ಕೂಲ್ ಅಡ್ಮಿಷನ್‌ಗೆ, ಪಾಸ್‌ಪೋರ್ಟ್‌ಗೆ, ಬ್ಯಾಂಕ್ ಕೆವೈಸಿಗೆ, ಮೊಬೈಲ್‌ನಲ್ಲಿ ಆ್ಯಪ್ ಹಾಕಿಕೊಳ್ಳುವುದಕ್ಕೂ ಒಂದು ಕಾಲಂ: ಸರ್‌ನೇಮ್. ಪಕ್ಕದಲ್ಲಿ ಕೆಂಪು ನಕ್ಷತ್ರ. ತುಂಬದೆ ಮುಂದಕ್ಕೆ ಹೋಗುವ ಹಾಗಿಲ್ಲ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಎಷ್ಟು ಮನೆಗೆ ಸರ್‌ನೇಮ್ ಇದೆ ಹೇಳಿ?

ಈ ಕಾಲಂ ನಮ್ಮ ಮನೆಗೆ ಬಂದದ್ದು ಅಕ್ಕನ ಮಗಳ ಮೂಲಕ. ಅವಳು ನರ್ಸಿಂಗ್ ಓದಿ, ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ, ಸ್ಕಾಟ್ಲೆಂಡಿನ ಅಬರ್ಡೀನ್ ಅನ್ನುವ ಊರಿಗೆ ಕೆಲಸಕ್ಕೆ ಹೋದಳು. ಮಾರ್ಕ್ಸ್ ಕಾರ್ಡಿನಲ್ಲಿ ಅವಳ ಹೆಸರು, ಕೊನೆಗೆ ಒಂದಕ್ಷರ. ಪಾಸ್‌ಪೋರ್ಟಿನಲ್ಲಿ ಒಂದಕ್ಷರ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದರೆ ಅವಳಪ್ಪನ ಹೆಸರು. ಅದು ಹೋಗಿ ಸರ್‌ನೇಮ್ ಕಾಲಂನಲ್ಲಿ ಕೂತಿತು. ಹೋದ ಒಂದು ವಾರಕ್ಕೆ ವಾಯ್ಸ್ ಮೆಸೇಜ್ ಬಂತು: ‘ಮಾವ, ಇಲ್ಲಿ ಪೇಷಂಟ್‌ಗಳೆಲ್ಲ ನನ್ನ ಅಪ್ಪನ ಹೆಸರಲ್ಲಿ ಕೂಗ್ತಾವ್ರೆ!’

ಅಕ್ಕನಿಗೆ ಕೇಳಿಸಿದೆ. ಅವಳು ಮೊದಲು ನಕ್ಕಳು, ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡಳು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವಳು ಗಂಡನ ಹೆಸರನ್ನು ಒಂದು ಸಲವೂ ಬಾಯಿ ಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದಲ್ಲಿದ್ದವರ ಕೈಲಿ ಹೇಳಿಸುತ್ತಾಳೆ. ಅಲ್ಲಿ ನೋಡಿದರೆ ಒಂದು ವಾರ್ಡಿಗೆ ವಾರ್ಡೇ ಅದನ್ನು ಕೂಗುತ್ತಿದೆ.

ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಆಟ. ಜೊತೆಯಲ್ಲಿ ಕೆಲಸ ಮಾಡುವವರ, ಡಾಕ್ಟರುಗಳ ಸರ್‌ನೇಮ್ ಅವಳು ಬರೆದು ಕಳಿಸುವುದು, ನಾನು ಅದರ ಅರ್ಥ ಹುಡುಕುವುದು. ಡಿಪ್ಲೊಮಾ ಕ್ಲಾಸಿನಲ್ಲಿ ಹೇಳಿಕೊಡದ ಕೆಲಸ ಇದು, ಆದರೆ ಸುದ್ದಿ ಇಲ್ಲದ ಮಧ್ಯಾಹ್ನಗಳು ಸ್ಟ್ರಿಂಗರ್‌ಗೆ ಬೇಕಾದಷ್ಟು ಇರುತ್ತವೆ.

ಹುಡುಕುತ್ತ ಹೋದರೆ ನಗು ಬರುತ್ತದೆ. ನಾವು ಕ್ರಿಕೆಟ್‌ನಲ್ಲಿ ಎಷ್ಟೋ ವರ್ಷದಿಂದ ಕೇಳುವ ಹೆಸರುಗಳನ್ನೇ ತಗೊಳ್ಳಿ. ಸ್ಟೀವ್ ಸ್ಮಿತ್‌ನ ಸ್ಮಿತ್ ಅಂದರೆ ಕಮ್ಮಾರ. ರಾಸ್ ಟೇಲರ್‌ನ ಟೇಲರ್ ನಮ್ಮ ದರ್ಜಿಯೇ. ಮಿಲ್ಲರ್ ಅಂದರೆ ಹಿಟ್ಟಿನ ಮಿಲ್ಲಿನವನು. ಅಲಸ್ಟೇರ್ ಕುಕ್ ಅಡುಗೆಯವನು. ಆರ್ಚರ್ ಬಿಲ್ಲುಗಾರ. ಮಾರ್ಗರೆಟ್ ಥ್ಯಾಚರ್ ಅನ್ನುವ ಪ್ರಧಾನಿ ಇದ್ದರಲ್ಲ, ಅವರ ಗಂಡನ ಮನೆಯ ಹೆಸರಿನ ಅರ್ಥ ಹುಲ್ಲಿನ ಮಾಡು ಹೊದಿಸುವವನು. ನಮ್ಮ ಹಾಡಿಗಳಲ್ಲಿ, ಹೊಗೆಸೊಪ್ಪಿನ ಹೊಲದ ಗುಡಿಸಲುಗಳಲ್ಲಿ ಆ ಕೆಲಸ ಬಲ್ಲವರು ಈಗಲೂ ಸಿಗುತ್ತಾರೆ.

ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ. ಅಲ್ಲಿ ಬಡಿಗೇರ, ಕುಂಬಾರ, ಪತ್ತಾರ, ಹೂಗಾರ, ಅಂಗಡಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಲ್ಲ ಮನೆತನದ ಹೆಸರುಗಳೇ. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ಮಿಸ್ಟರ್ ಸ್ಮಿತ್ ಆಗಿರುತ್ತಿದ್ದರು. ನಮ್ಮ ಕಡೆ ಕಮ್ಮಾರನ ಮಗನಿಗೆ ಕಮ್ಮಾರ ಅಂತ ಸರ್‌ನೇಮ್ ಇಲ್ಲ. ಹುಬ್ಬಳ್ಳಿಯ ಗೆಳೆಯನೊಬ್ಬ ಒಮ್ಮೆ ಕೇಳಿದ, ‘ನಿಮ್ಮ ಮೈಸೂರು ಮಂದಿಗೆ ಅಡ್ಡಹೆಸರ ಇಲ್ಲೇನ್ರಿ?’ ಇಲ್ಲ ಮಾರಾಯ, ಇನಿಷಿಯಲ್ ಇದೆ ಅಂದೆ.

ಕೆಲಸದ ಹೆಸರು ಇಲ್ಲದಿದ್ದರೇನು, ಮೈಬಣ್ಣದ, ಗಾತ್ರದ ಹೆಸರು ನಮ್ಮಲ್ಲಿ ರಾಶಿ ಇವೆ. ಅಕ್ಕನ ಮಗಳು ಕಳಿಸಿದ ಪಟ್ಟಿಯಲ್ಲಿ ‘ಗ್ರ್ಯಾಂಟ್’ ಇತ್ತು. ಅದು ಫ್ರೆಂಚ್ ಕಡೆಯಿಂದ ಬಂದದ್ದು, ದೊಡ್ಡವನು ಅಂತ. ಅಂದರೆ ನಮ್ಮ ದೊಡ್ಡಯ್ಯ, ದೊಡ್ಡೇಗೌಡ. ‘ರೀಡ್’ ಅಂದರೆ ಕೆಂಪಗಿರುವವನು, ನಮ್ಮ ಕೆಂಪಯ್ಯ. ‘ಲಿಟ್ಲ್’ ಪುಟ್ಟಯ್ಯ. ‘ಬ್ಲ್ಯಾಕ್’ ಕರಿಯಯ್ಯ. ಕ್ಯಾಮರೂನ್ ಅಂದರೆ ಗೇಲಿಕ್ ಭಾಷೆಯಲ್ಲಿ ಸೊಟ್ಟ ಮೂಗು. ಕ್ಯಾಂಪ್‌ಬೆಲ್ ಅಂದರೆ ಸೊಟ್ಟ ಬಾಯಿ. ದೊಡ್ಡ ದೊಡ್ಡ ಮನೆತನಗಳು, ಕೋಟೆ ಕಟ್ಟಿ ಆಳಿದವರು, ಹೆಸರು ನೋಡಿದರೆ ಸೊಟ್ಟಮೂಗಿ! ಯಾವನೋ ಮೂಲಪುರುಷನನ್ನು ಊರಿನವರು ರೇಗಿಸುತ್ತಿದ್ದ ಹೆಸರು ನೂರಾರು ವರ್ಷ ಮೊಮ್ಮಕ್ಕಳ ಬೆನ್ನಿಗೆ ಅಂಟಿಕೊಂಡಿದೆ. ನಮ್ಮ ಊರಿನಲ್ಲೂ ಪ್ರತಿ ಮನೆಗೆ ಅಂಥದೊಂದು ಹೆಸರಿದೆ. ಇಲ್ಲಿ ಬರೆದರೆ ನಾಳೆ ನಾನು ಟೀ ಅಂಗಡಿಗೆ ಹೋಗುವ ಹಾಗಿಲ್ಲ.

ಆದರೆ ತಿಪ್ಪಯ್ಯ, ತಿಪ್ಪಮ್ಮ ಅನ್ನುವಂಥ ಹೆಸರು ಆ ಪಟ್ಟಿಯಲ್ಲಿ ಸಿಗಲಿಲ್ಲ. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ಸಾಯುತ್ತಿದ್ದರೆ, ಮುಂದಿನದನ್ನು ತಿಪ್ಪೆಯ ಮೇಲೆ ಉರುಳಿಸಿ ಆ ಹೆಸರು ಇಡುತ್ತಿದ್ದರು. ಹುಚ್ಚಮ್ಮ, ಗುಂಡ, ಕಲ್ಲ ಕೂಡ ಅದೇ ಲೆಕ್ಕ. ಕೆಟ್ಟ ಹೆಸರಿಟ್ಟರೆ ಸಾವಿನ ಕಣ್ಣು ಬೀಳುವುದಿಲ್ಲ ಅಂತ. ಇವತ್ತು ಕಾಲೇಜಿನ ಹುಡುಗರು ಅಜ್ಜಿಯ ಹೆಸರು ಕೇಳಿದರೆ ನಾಚಿಕೊಳ್ಳುತ್ತಾರೆ. ಆ ಹೆಸರಿನ ಹಿಂದೆ ಹೂತ ಮಕ್ಕಳೆಷ್ಟು ಅಂತ ಅಜ್ಜಿಯನ್ನೇ ಕೇಳಬೇಕು.

ಇನ್ನು ದೇವರ ಹೆಸರು. ಮಾದಪ್ಪನ ಬೆಟ್ಟದಿಂದ ಮಾದೇವ, ನಂಜನಗೂಡಿನಿಂದ ನಂಜ, ಕಪ್ಪಡಿಯ ರಾಚಪ್ಪಾಜಿಯಿಂದ ರಾಚಯ್ಯ, ಮಂಟೇಸ್ವಾಮಿಯಿಂದ ಮಂಟಯ್ಯ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ‘ಮಾದೇವಾ’ ಅಂತ ಒಂದು ಸಲ ಕೂಗಿ, ಎಷ್ಟು ಜನ ತಿರುಗುತ್ತಾರೆ ನೋಡಿ.

ಈಗ ‘ಮ್ಯಾಕ್’ ವಿಷಯ. ಸ್ಕಾಟ್ಲೆಂಡಿನ ಅರ್ಧ ಸರ್‌ನೇಮ್‌ಗಳು ಮ್ಯಾಕ್ ಇಂದ ಶುರುವಾಗುತ್ತವೇನೋ ಅನ್ನಿಸುತ್ತದೆ. ಮ್ಯಾಕ್ ಅಂದರೆ ಮಗ. ಮ್ಯಾಕ್‌ಡೊನಾಲ್ಡ್ ಅಂದರೆ ಡೊನಾಲ್ಡನ ಮಗ. ಮ್ಯಾಕಿಂಟೈರ್ ಅಂದರೆ ಬಡಗಿಯ ಮಗ. ಇಂಗ್ಲೆಂಡಿನಲ್ಲಿ ಅದನ್ನೇ ಕೊನೆಗೆ ‘ಸನ್’ ಸೇರಿಸಿ ಹೇಳುತ್ತಾರೆ: ಜಾನ್ಸನ್, ರಾಬಿನ್ಸನ್. ಮೈಸೂರು ಸೀಮೆಯಲ್ಲಿ ಖೆಡ್ಡಾ ಮಾಡಿ ಆನೆ ಹಿಡಿಸಿದ ಸ್ಯಾಂಡರ್ಸನ್ ಸಾಹೇಬನ ಹೆಸರೂ ಅದೇ, ಸ್ಯಾಂಡರ್ ಅಂದರೆ ಅಲೆಕ್ಸಾಂಡರ್, ಅವನ ಮಗ.

ಇದನ್ನು ಓದುವಾಗ ನನಗೆ ನೆನಪಾದದ್ದು ಪಹಣಿ. ನಿಮ್ಮ ಪಹಣಿ ತೆಗೆದು ಒಂಬತ್ತನೇ ಕಾಲಂ ನೋಡಿ. ಇಂಥವರು ‘ಬಿನ್’ ಇಂಥವರು ಅಂತ ಇರುತ್ತದೆ. ಬಿನ್ ಅರಬ್ಬಿ ಮಾತು, ಮಗ ಅಂತಲೇ ಅರ್ಥ. ತಾಲ್ಲೂಕು, ಜಮಾಬಂದಿ, ಶಿರಸ್ತೇದಾರ ಅನ್ನುವ ಮಾತುಗಳ ಜೊತೆ ನಮ್ಮ ಕಂದಾಯದ ದಫ್ತರಿಗೆ ಬಂತು. ಡೊನಾಲ್ಡನ ಮಗ ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆದಿದ್ದರೆ ಪಹಣಿಯಲ್ಲಿ ‘ಬಿನ್ ಡೊನಾಲ್ಡ್’ ಆಗಿರುತ್ತಿದ್ದ.

ವ್ಯತ್ಯಾಸ ಒಂದೇ. ಅವರದು ಹೆಪ್ಪುಗಟ್ಟಿತು, ನಮ್ಮದು ಹರಿಯುತ್ತಲೇ ಇದೆ. ಇಂಗ್ಲೆಂಡನ್ನು ನಾರ್ಮನ್ನರು ಗೆದ್ದದ್ದು 1066ರಲ್ಲಿ. ಆಮೇಲಿನ ಮುನ್ನೂರು, ಮುನ್ನೂರೈವತ್ತು ವರ್ಷದಲ್ಲಿ, ಕಂದಾಯ ಹಾಕಲು, ಜಮೀನು ಯಾರಿಂದ ಯಾರಿಗೆ ಹೋಯಿತು ಅಂತ ಬರೆದಿಡಲು, ಅಪ್ಪನ ಹೆಸರೇ ಮಗನಿಗೂ ಮೊಮ್ಮಗನಿಗೂ ನಿಂತಿತು. ಕಮ್ಮಾರನ ಮೊಮ್ಮಗ ಕುಲುಮೆ ಬಿಟ್ಟು ಕುರಿ ಕಾಯ್ದರೂ ಸ್ಮಿತ್. ನಮ್ಮಲ್ಲಿ ಪ್ರತಿ ತಲೆಮಾರಿಗೆ ಬಿನ್ ಒಂದು ಮೆಟ್ಟಿಲು ಇಳಿಯುತ್ತದೆ. ತಾತನ ಹೆಸರು ಅಪ್ಪನ ಜೊತೆಗೇ ಮುಗಿಯಿತು. ಪ್ರಪಂಚದಲ್ಲಿ ನಾವೊಬ್ಬರೇ ಹೀಗಿಲ್ಲ. ಯೂರೋಪಿನ ಐಸ್‌ಲ್ಯಾಂಡ್ ದೇಶದಲ್ಲಿ ಇವತ್ತಿಗೂ ಹೆಚ್ಚಿನವರಿಗೆ ಮನೆತನದ ಹೆಸರಿಲ್ಲ. ಮಗನಾದರೆ ಅಪ್ಪನ ಹೆಸರಿಗೆ ‘ಸನ್’, ಮಗಳಾದರೆ ‘ದೊತ್ತಿರ್’. ಅಲ್ಲಿನ ಟೆಲಿಫೋನ್ ಡೈರೆಕ್ಟರಿಯಲ್ಲಿ ಜನರನ್ನು ಅವರವರ ಸ್ವಂತ ಹೆಸರಿನಿಂದಲೇ ಹುಡುಕಬೇಕಿತ್ತು. ನಮಗೆ ಒಗ್ಗುವ ದೇಶ.

ಅಷ್ಟು ದೂರ ಯಾಕೆ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿಯನ್ನರು ಇದ್ದಾರೆ, ಆಮೇಲೆ ಹುಣಸೂರಿನ ಗುರುಪುರದಲ್ಲಿ. ಅವರಲ್ಲೂ ಸಾಮಾನ್ಯ ಜನಕ್ಕೆ ಸರ್‌ನೇಮ್ ಇಲ್ಲ. ಎರಡು ಹೆಸರು ಇರುತ್ತವೆ, ಎರಡೂ ಸ್ವಂತದ್ದೇ. ದಲೈ ಲಾಮಾ ಅವರ ಹೆಸರು ತೆನ್‌ಜಿನ್ ಗ್ಯಾತ್ಸೊ, ಅವರಿಂದ ಹೆಸರು ಪಡೆದ ಮಕ್ಕಳಿಗೆಲ್ಲ ತೆನ್‌ಜಿನ್ ಸೇರುತ್ತದೆ. ನಮ್ಮ ಮಾದೇವನ ಕಥೆಯೇ. ದಾವಾ ಅಂದರೆ ಸೋಮವಾರ, ಪಸಂಗ್ ಅಂದರೆ ಶುಕ್ರವಾರ, ಪೆಂಬಾ ಅಂದರೆ ಶನಿವಾರ ಹುಟ್ಟಿದವರು. ಇನ್ನೊಂದು ಪಕ್ಕ ಕೊಡಗಿಗೆ ಹೋದರೆ ಅಲ್ಲಿ ಮನೆತನದ ಹೆಸರು ಗಟ್ಟಿ. ಜನರಲ್ ಕಾರ್ಯಪ್ಪನವರ ಕೆ.ಎಂ. ಬಿಡಿಸಿದರೆ ಕೊಡಂದೇರ ಮಾದಪ್ಪ, ಮೊದಲನೆಯದು ಮನೆ, ಎರಡನೆಯದು ಅಪ್ಪ. ಬೈಲಕುಪ್ಪೆ ದಾಟಿ ಕಾವೇರಿ ಸೇತುವೆಯ ಆಚೆ ಕುಶಾಲನಗರ. ಹೊಳೆಯ ಈಚೆ ದಡದಲ್ಲಿ ಒಂದು ಲೆಕ್ಕ, ಆಚೆ ದಡದಲ್ಲಿ ಒಂದು.

ಇಷ್ಟು ಹೊತ್ತು ನಗುತ್ತ ಬರೆದೆ. ಈಗ ನಮ್ಮ ಮನೆಯ ಪಹಣಿಗೆ ಬರಬೇಕು.

ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ನಮ್ಮ ತಾತನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಸಿಕ್ಕಿತು. ಅರಸರು ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರೇ. ಅವರ ಹೆಸರೂ ಒಂದು ಪಾಠ: ಕನ್ನಡದಲ್ಲಿ ಅರಸು, ಇಂಗ್ಲಿಷಿನಲ್ಲಿ ಅರ್ಸ್. ಭೂಸುಧಾರಣೆ ಬಂದು, ಗೇಣಿದಾರರು ನಮೂನೆ 7 ತುಂಬಿ ಅರ್ಜಿ ಹಾಕಿದ ಕಾಲ ಅದು. ಎಷ್ಟೋ ಮನೆಗಳಲ್ಲಿ ಒಬ್ಬ ಮನುಷ್ಯನ ಹೆಸರು ಜಮೀನಿನ ಕಾಗದದಲ್ಲಿ ಮೊದಲ ಸಲ ಬಂದದ್ದು ಆಗಲೇ. ಅವತ್ತು ಬರೆದವನು ಹೇಗೆ ಬರೆದನೋ ಅದೇ ಇವತ್ತಿಗೂ ನಿಂತಿದೆ.

ತಾತನ ಸಾಗುವಳಿ ಚೀಟಿಯಲ್ಲಿ ಅವರ ಹೆಸರು ಎರಡೇ ಅಕ್ಷರ. ಆಮೇಲೆ ಬಿನ್. ಆಮೇಲೆ ಅವರಪ್ಪನ ಹೆಸರು, ಅದೂ ಎರಡೇ ಅಕ್ಷರ. ಅದೇ ಪುಟದ ಮೇಲಿನ ಸಾಲಿನಲ್ಲಿ ಇರುವವರ ಹೆಸರಿಗೆ ಗೌಡ ಇದೆ, ಶೆಟ್ಟಿ ಇದೆ, ಕೊನೆಗೆ ಅಯ್ಯ ಅಪ್ಪ ಅಂತಲಾದರೂ ಇದೆ. ನಮ್ಮ ಕೇರಿಯವರ ಹೆಸರಿಗೆ ಬಾಲ ಇಲ್ಲ. ಮಾತಿನಲ್ಲಿ ಹೇಗೆ ಕರೆಯುತ್ತಿದ್ದರೋ ಹಾಗೇ ಕಾಗದಕ್ಕೂ ಇಳಿದಿದೆ. ಗಾವುಂಡ, ಹೆಗ್ಗಡೆ, ಸೇನಬೋವ ಎಲ್ಲ ಶಾಸನದ ಕಾಲದಿಂದ ಕಲ್ಲಿನ ಮೇಲೆ ಕೂತಿರುವ ಹೆಸರುಗಳು. ನಮ್ಮದು ಪೆನ್ನಿಗೆ ಬಂದಾಗಲೂ ಅರ್ಧಕ್ಕೇ ನಿಂತಿತು.

ಅಪ್ಪ ಸ್ಕೂಲಿಗೆ ಸೇರಿದಾಗ ಮೇಷ್ಟ್ರು ಒಳ್ಳೆಯವರು. ಅಪ್ಪನ ಹೆಸರಿಗೂ, ತಂದೆಯ ಹೆಸರು ಅನ್ನುವ ಜಾಗದಲ್ಲಿ ತಾತನ ಹೆಸರಿಗೂ ‘ಯ್ಯ’ ಸೇರಿಸಿ ಬರೆದರು. ಹಾಗೆ ಬರೆಯಿರಿ ಅಂತ ಯಾರೂ ಹೇಳಿರಲಿಲ್ಲ. ತಾತನಿಗೆ ಓದಲು ಬರುತ್ತಿರಲಿಲ್ಲ, ಆದರೆ ಮೇಷ್ಟ್ರು ಜೋರಾಗಿ ಓದಿ ಹೇಳಿದಾಗ ಕೇಳಿಸಿಕೊಂಡಿದ್ದರಂತೆ.

ತಾತ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದೆವು. ಒಂದು ಕಚೇರಿಯಲ್ಲಿ ಕಾಗದ ನೋಡಿ ಹೇಳಿದರು: ಪಹಣಿಯಲ್ಲಿರುವ ಮನುಷ್ಯ ಬೇರೆ, ನಿಮ್ಮಪ್ಪನ ಟಿಸಿಯಲ್ಲಿರುವ ತಂದೆ ಬೇರೆ. ‘ಯ್ಯ’ ಇಲ್ಲದವನು ಒಬ್ಬ, ಇರುವವನು ಇನ್ನೊಬ್ಬ. ಆಧಾರ್ ಜೋಡಣೆ ಬಂದ ಮೇಲೆ ಕಂಪ್ಯೂಟರ್ ಕೂಡ ಅದನ್ನೇ ಹೇಳತೊಡಗಿತು. ವಂಶವೃಕ್ಷ ಮಾಡಿಸಿದೆವು. ‘ಈ ಎರಡೂ ಹೆಸರು ಒಬ್ಬರದೇ’ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆವು. ಊರಿನ ಹಿರಿಯರು ಬಂದು ಮಹಜರಿಗೆ ಸಹಿ ಹಾಕಿದರು. ತಾತನನ್ನು ಬದುಕಿರುವಾಗ ಎರಡಕ್ಷರದಲ್ಲಿ ಕರೆದವರೇ, ‘ಇಬ್ಬರೂ ಒಬ್ಬರೇ ಕಣಪ್ಪ, ನಮಗೊತ್ತಿಲ್ವಾ’ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳು, ಇದೆ ಅಂದರೂ ಪೂರ್ತಿ ನಿಜ ಅಲ್ಲ. ಹದಿನಾಲ್ಕು ತಿಂಗಳಾದ ಮೇಲೆ ಖಾತೆ ಆಯಿತು. ಹೊಸ ಪಹಣಿಯಲ್ಲಿ ಅಪ್ಪನ ಹೆಸರಿಗೆ ‘ಯ್ಯ’ ಇದೆ. ಬಿನ್ ಆದ ಮೇಲೆ ತಾತ ಎರಡಕ್ಷರದಲ್ಲೇ ಇದ್ದಾರೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಚಿ, ಟ್ರಂಕಿನಲ್ಲಿಟ್ಟರು.

ಇಂಥ ಕಥೆ ನಮ್ಮದೊಂದೇ ಅಲ್ಲ. ಕಿಸಾನ್ ಸಮ್ಮಾನ್ ದುಡ್ಡು ಬಂದಿಲ್ಲ, ಗೃಹಲಕ್ಷ್ಮಿ ಬಂದಿಲ್ಲ ಅಂತ ನನ್ನ ಹತ್ತಿರ ಬರುವವರ ಕಾಗದ ಬಿಚ್ಚಿದರೆ, ಎಷ್ಟೋ ಸಲ ಇರುವುದು ಒಂದು ‘ಮ್ಮ’, ಒಂದು ‘ಯ್ಯ’, ಒಂದು ಇನಿಷಿಯಲ್ಲಿನ ತಂಟೆ.

ಹೆಸರಿಗೂ ಜಮೀನಿಗೂ ಇರುವ ನಂಟು ಸಾಹೇಬರಲ್ಲೂ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನುವ ಸ್ಕಾಟ್ಲೆಂಡಿನ ಡಾಕ್ಟರ್ ಮೈಸೂರು ಸೀಮೆ ಸುತ್ತಲು ಹೊರಟ. ಪಿರಿಯಾಪಟ್ಟಣಕ್ಕೂ ಬಂದ. ಪಾಳುಬಿದ್ದ ಕೋಟೆ, ಅದರೊಳಗೆ ಹುಲಿಗಳ ಕಾಟ ಅಂತ ಬರೆದಿದ್ದಾನೆ. ಆತ ಮುಂದೆ ಊರಿಗೆ ವಾಪಸ್ ಹೋದ ಮೇಲೆ ತಾಯಿ ಕಡೆಯ ಆಸ್ತಿ ಬಂತು. ಅದರ ಜೊತೆಗೆ ತಾಯಿಯ ಮನೆತನದ ಹೆಸರನ್ನೂ ತೆಗೆದುಕೊಂಡು ಹ್ಯಾಮಿಲ್ಟನ್ ಆದ. ಪುಸ್ತಕಗಳಲ್ಲಿ ಅವನನ್ನು ಈಗ ಬುಕಾನನ್ ಹ್ಯಾಮಿಲ್ಟನ್ ಅನ್ನುತ್ತಾರೆ. ಆಸ್ತಿಗಾಗಿ ಹೆಸರು ಬದಲಿಸಿದರೂ ಅವನನ್ನು ಯಾರೂ ಇಬ್ಬರು ಮನುಷ್ಯರು ಅನ್ನಲಿಲ್ಲ.

ಹೆಸರನ್ನು ಕಿತ್ತುಕೊಂಡದ್ದೂ ಇದೆ. ಸ್ಕಾಟ್ಲೆಂಡಿನ ಮ್ಯಾಕ್‌ಗ್ರೆಗರ್ ಕುಲದವರು ಆ ಹೆಸರು ಇಟ್ಟುಕೊಳ್ಳಲೇಬಾರದು, ಇಟ್ಟುಕೊಂಡರೆ ಮರಣದಂಡನೆ ಅಂತ 1603ರಲ್ಲಿ ಅಲ್ಲಿನ ರಾಜ ಆಜ್ಞೆ ಹೊರಡಿಸಿದ. ಅವರೆಲ್ಲ ಬೇರೆ ಬೇರೆ ಹೆಸರು ಹೊತ್ತು ಬದುಕಿದರು. ಕಾನೂನು ಪೂರ್ತಿ ರದ್ದಾದದ್ದು 1774ರಲ್ಲಿ. ವೆಸ್ಟ್ ಇಂಡೀಸ್ ಕಡೆಯದು ಇನ್ನೂ ಕಹಿ. ಆ ತಂಡದಲ್ಲಿ ಕ್ಯಾಂಪ್‌ಬೆಲ್, ಸ್ಮಿತ್ ಅನ್ನುವ ಹೆಸರುಗಳು ಎಲ್ಲಿಂದ ಬಂದವು? ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ತೋಟದ ಮಾಲೀಕರ ಹೆಸರುಗಳು ಅಂಟಿದವು. ಸ್ವಂತ ಹೆಸರು ಹಡಗಿನಲ್ಲೇ ಹೋಯಿತು.

‘ನಿಮ್ಮ ಸರ್‌ನೇಮ್ ಏನು?’ ಅಂತ ನನ್ನನ್ನು ತುಂಬ ಜನ ಕೇಳಿದ್ದಾರೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, ಪ್ರೆಸ್ ಮೀಟ್ ಮುಗಿದು ಊಟಕ್ಕೆ ಕೂತಾಗ. ಅವರಿಗೆ ಬೇಕಾದದ್ದು ಹೆಸರಲ್ಲ ಅಂತ ಕೇಳುವವರಿಗೂ ಗೊತ್ತು, ನನಗೂ ಗೊತ್ತು. ಸರ್‌ನೇಮ್ ಇಲ್ಲದ ನಮ್ಮ ಸೀಮೆಯ ಪದ್ಧತಿಯಲ್ಲಿ ಒಂದು ಅನುಕೂಲ ಇದೆ: ಇನಿಷಿಯಲ್ ನೋಡಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಪತ್ರಿಕೆಯಲ್ಲಿ ನನ್ನ ಬೈಲೈನ್ ಬಂದರೆ ಒಂದು ಊರಿನ ಅಕ್ಷರ, ಒಂದು ಅಪ್ಪನ ಅಕ್ಷರ, ಆಮೇಲೆ ನಾನು. ಅಷ್ಟೇ ಸಾಕು. ಕಾಲಂ ಕಡ್ಡಾಯವಾದಾಗಲೇ ಜನ ಜಾತಿಯ ಹೆಸರು ಹುಡುಕಿ ತಂದು ತುಂಬುವುದು. ಇದು ನನ್ನ ಅನಿಸಿಕೆ, ನಿಮ್ಮದು ಬೇರೆ ಇರಬಹುದು.

ಹಾಗಂತ ಖಾಲಿ ಬಿಟ್ಟರೂ ಕಷ್ಟ. ಭಾರತದ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ 2022ರ ನವೆಂಬರಿನಲ್ಲಿ ದುಬೈ, ಅಬುಧಾಬಿ ಇರುವ ಯುಎಇ ದೇಶ, ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದಿತು. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿನವರಿಗೆ ‘ಎಫ್‌ಎನ್‌ಯು’ ಅಂತ ಹಾಕುತ್ತಾರೆ. ಬಿಡಿಸಿದರೆ, ಮೊದಲ ಹೆಸರು ಗೊತ್ತಿಲ್ಲ. ನಮ್ಮ ಹುಡುಗರು ಅಲ್ಲಿ ‘ಮಿಸ್ಟರ್ ಗೊತ್ತಿಲ್ಲ’ ಆಗಿ ಇಳಿಯುತ್ತಾರೆ. ಹೊರದೇಶಕ್ಕೆ ಹೋಗುವ ಆಸೆ ಇರುವ ಮಕ್ಕಳು ಮನೆಯಲ್ಲಿದ್ದರೆ, ಎಸ್ಸೆಸ್ಸೆಲ್ಸಿಗೆ ಹೆಸರು ಕೊಡುವ ಮೊದಲೇ ಇನಿಷಿಯಲ್ ಬಿಡಿಸಿ ಬರೆಸಿ. ಆಧಾರ್‌ನಲ್ಲೂ ಅದೇ ಅಕ್ಷರ, ಅದೇ ಸ್ಪೆಲ್ಲಿಂಗ್ ಇರಲಿ.

ಅಬರ್ಡೀನಿನ ನಮ್ಮ ಹುಡುಗಿಗೆ ಅಲ್ಲಿನವರೊಬ್ಬರು ಹೇಳಿದರಂತೆ, ಬೇಕಾದರೆ ಬ್ಯಾಡ್ಜಿನಲ್ಲಿ ನಿನ್ನ ಹೆಸರೊಂದನ್ನೇ ಹಾಕಿಸಿಕೊಳ್ಳಬಹುದು ಅಂತ. ಅವಳು ಅಪ್ಪನಿಗೆ ಫೋನ್ ಮಾಡಿ ಕೇಳಿದಳು. ನಮ್ಮ ಭಾವನನ್ನೂ ಊರಿನಲ್ಲಿ ಅರ್ಧ ಹೆಸರಿನಲ್ಲೇ ಕರೆಯುವುದು, ಈಗಲೂ, ಅವರಿಗಿಂತ ಚಿಕ್ಕವರು ಕೂಡ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅಲ್ಲಿ ಪೂರ್ತಿ ಅಂತಾರಾ? ಕೊನೇಲಿ ಯ್ಯ ಬತ್ತದಾ?’

‘ಬತ್ತದೆ ಅಪ್ಪ. ಮುಂದಕ್ಕೆ ಮಿಸ್ ಅಂತಾನೂ ಸೇರಿಸ್ತಾರೆ.’

‘ಹಂಗಾರೆ ಇರ್ಲಿ ಬುಡು.’

ಈ ವರ್ಷ ನನ್ನ ಮಗಳು ಒಂದನೇ ಕ್ಲಾಸಿಗೆ ಸೇರಿದಳು. ಕಂಪ್ಯೂಟರ್ ಮುಂದೆ ಕೂತಿದ್ದ ಮೇಡಂ ಸರ್‌ನೇಮ್ ಕೇಳಿದರು. ಕುವೆಂಪು ಅವರ ‘ಕು’ ಕುಪ್ಪಳಿ, ಊರಿನ ಹೆಸರು. ‘ಸತ್ಯ ಹರಿಶ್ಚಂದ್ರ’ ಸಿನಿಮಾ ಮಾಡಿದ ಕೃಷ್ಣಮೂರ್ತಿಯವರು ಕೊನೆಯವರೆಗೂ ಹುಣಸೂರು ಕೃಷ್ಣಮೂರ್ತಿ. ನಾನೂ ನಮ್ಮ ಊರಿನ ಹೆಸರು ಹೇಳಿದೆ. ಮೇಡಂ ಟೈಪ್ ಮಾಡಿ, ‘ತಗೊಳ್ತು ಸರ್, ಇಲ್ಲಿ ಸಹಿ ಮಾಡಿ’ ಅಂದ್ರು.